ರೋಮನರು ಬಾರದ ದ್ವೀಪಕ್ಕೆ ಬ್ಯಾಟರಿ ಸೈಕಲ್ಲಿನಲ್ಲಿ

ಸಾಮ್ರಾಜ್ಯ ಎಷ್ಟೇ ದೊಡ್ಡದಿರಲಿ, ಕೊನೆಗೆ ಅದು ಮೊಣಕಾಲೆತ್ತರದ ಗೋಡೆಯಾಗಿ ಉಳಿಯುತ್ತದೆ. ಈ ಗಂಭೀರ ಸತ್ಯ ನನಗೆ ಹೊಳೆದದ್ದು ಒಂದು ಬ್ಯಾಟರಿ ಸೈಕಲ್ಲಿನ ಮೇಲೆ ಕೂತಿದ್ದಾಗ. ಆ ಸೀಟಿನ ಮೇಲೆ ಕೂತವರು ಯಾರೂ ಸಾಮ್ರಾಜ್ಯಗಳ ಬಗ್ಗೆ ಹೆಚ್ಚು ಹೊತ್ತು ಚಿಂತಿಸುವುದಿಲ್ಲ, ನಾನೂ ಚಿಂತಿಸಲಿಲ್ಲ.

ನನ್ನನ್ನು ಆ ಸೀಟಿಗೆ ಏರಿಸಿದವನು ನನ್ನ ಹೆಂಡತಿಯ ತಮ್ಮ. ನಮ್ಮ ಕಡೆ ಅಕ್ಕನ ಗಂಡನೂ ಬಾವ, ಹೆಂಡತಿಯ ತಮ್ಮನೂ ಬಾವ. ಅವನು ನನ್ನನ್ನು ಬಹುವಚನದಲ್ಲಿ ಬಾವ ಎನ್ನುತ್ತಾನೆ, ನಾನು ಅವನನ್ನು ಏಕವಚನದಲ್ಲಿ ಬಾವ ಎನ್ನುತ್ತೇನೆ. ನಮ್ಮ ಕಟ್ಟಡದ ಮಲಯಾಳಿ ವಾಚ್‌ಮನ್ ಬಹಳ ವರ್ಷ ನಮ್ಮಿಬ್ಬರ ಹೆಸರೂ ಒಂದೇ ಎಂದು ನಂಬಿದ್ದ. ತಿದ್ದಬೇಕೆಂದು ನಮಗೆ ಅನಿಸಿರಲಿಲ್ಲ.

ಬಾವನಿಗೆ ಒಂದು ಕೆಲಸ ವಹಿಸಲಾಗಿತ್ತು. ಅದು ಏನೆಂದು ನನಗೆ ಗೊತ್ತಿತ್ತು. ನನಗೆ ಗೊತ್ತೆಂದು ಅವನಿಗೂ ಗೊತ್ತಿತ್ತು. ನನ್ನ ಹೆಂಡತಿ ತೀರಿಕೊಂಡು ಒಂದು ಇಡೀ ಬೇಸಿಗೆ ಕಳೆದು ಮತ್ತೆ ಚಳಿ ಬಂದಿತ್ತು. ಮಗಳು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಅವಳೂ ಅವಳ ಗಂಡನೂ ಇರುವ ಫ್ಲಾಟಿನಲ್ಲಿ ನನಗಾಗಿ ಒಂದು ಕೋಣೆ ತೆರವು ಮಾಡಿ, ಕಿಟಕಿಯ ಪರದೆ ಯಾವ ಬಣ್ಣದ್ದು ಬೇಕೆಂದು ಕೇಳುವ ಹಂತಕ್ಕೆ ಬಂದಿದ್ದರು. ನಾನು "ನೋಡುವಾ" ಎಂದಿದ್ದೆ. ಇತ್ತ ಕುವೈತಿನಲ್ಲಿ, ಮಿರ್ಕಾಬಿನ ನಮ್ಮ ಆಫೀಸಿನಲ್ಲಿ ನನ್ನ ಇಕಾಮಾ, ಅಂದರೆ ಈ ದೇಶದಲ್ಲಿ ಉಳಿಯಲು ಕೊಡುವ ಪರವಾನಗಿ, ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸುವುದೋ ಬೇಡವೋ ಎಂದು ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕರು, ಕೇಳಿದ್ದರು. ಸಜ್ಜನ ಮನುಷ್ಯ. "ಇರುವುದಾದರೆ ಇರು, ಹೋಗುವುದಾದರೆ ಹೋಗು, ಆದರೆ ಭಾನುವಾರದೊಳಗೆ ಹೇಳು" ಎಂದು ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು. ಅವರಿಗೂ ನಾನು ನೋಡುವಾ ಎಂಬುದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದೆ.

ಹೋಗಬಾರದೆಂಬ ಹಠ ನನ್ನಲ್ಲಿ ಇರಲಿಲ್ಲ. ಹೋಗಬೇಕೆಂಬ ಆಸೆಯೂ ಇರಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದ್ದಲ್ಲೇ ಇದೆಯೋ ಎಂದು ಕೈಯಿಂದ ಮುಟ್ಟಿ ನೋಡಬೇಕಾಗುತ್ತದಲ್ಲ, ಹಾಗಿತ್ತು. ಮುಟ್ಟಿ ನೋಡುತ್ತಿದ್ದೆ. ಇದ್ದಲ್ಲೇ ಇತ್ತು. ಬೆಳಿಗ್ಗೆ ಆಫೀಸು, ಸಂಜೆ ಖುಬೂಸ್ ರೊಟ್ಟಿಗೆ ಮೊಸರು, ಆಮೇಲೆ ಟೀವಿಯಲ್ಲಿ ಯಾವುದಾದರೂ ಕ್ರಿಕೆಟ್ಟು. ಯಾರು ಯಾರ ಮೇಲೆ ಆಡುತ್ತಿದ್ದಾರೆ ಎಂದು ನಾನು ವಿಚಾರಿಸುತ್ತಿರಲಿಲ್ಲ.

ಅಂಥ ಒಂದು ಸಂಜೆ ಬಾವ ಬ್ನೇದ್ ಅಲ್ ಗಾರಿನ ನನ್ನ ಫ್ಲಾಟಿಗೆ ಬಂದು, ಚಪ್ಪಲಿ ಕಳಚುತ್ತಲೇ ಕೇಳಿದ.

"ಬಾವ, ಶುಕ್ರವಾರ ಎಂತ ಮಾಡ್ತೀರಿ?"

"ಶುಕ್ರವಾರ ಮಾಡ್ತೇನೆ."

"ತಮಾಷೆ ಬೇಡ ಮಾರಾಯ್ರೆ. ಫೈಲಕಾ ದ್ವೀಪಕ್ಕೆ ಹೋಗುವಾ. ದೋಣಿಯಲ್ಲಿ ಕರ್ಕೊಂಡು ಹೋಗ್ತಾರೆ, ಅಲ್ಲಿ ಬ್ಯಾಟರಿ ಸೈಕಲ್ ಕೊಡ್ತಾರೆ, ಗೈಡ್ ಇರ್ತಾನೆ. ರೋಮನ್ ಅವಶೇಷ ಉಂಟಂತೆ."

"ಅವಶೇಷ ನೋಡ್ಲಿಕ್ಕೆ ಅಷ್ಟು ದೂರ ಯಾಕೆ? ಬಾತ್‌ರೂಮಲ್ಲಿ ಕನ್ನಡಿ ಉಂಟು."

"ನೋಡಿ, ಇದೇ. ಇಂಥ ಮಾತಿಗೇ ಅಕ್ಕ ನಿಮ್ಮ ಜೊತೆ ಎಲ್ಲಿಗೂ ಬರ್ಲಿಕ್ಕೆ ಒಪ್ತಾ ಇರ್ಲಿಲ್ಲ."

ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ಅವನಿಗೇ ಕೇಳಿಸಿತು. ಸ್ವಲ್ಪ ಹೊತ್ತು ಟೀವಿ ನೋಡಿದ. ಯಾರೋ ಔಟಾದರು.

"ಸ್ವೆಟರ್ ತನ್ನಿ," ಎಂದ. "ಅಲ್ಲಿ ಗಾಳಿ ಇರ್ತದೆ."

ಶುಕ್ರವಾರ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕುವಾಗ ಅಭ್ಯಾಸಬಲದಿಂದ "ಬರ್ತೇನೆ" ಎಂದೆ. ಒಳಗೆ ಫ್ರಿಜ್ ಮಾತ್ರ ಇತ್ತು.

ಇದು ನನ್ನ ಹೆಂಡತಿಯ ಶಾಸನ. ಮನೆಯಿಂದ ಹೊರಡುವವರು "ಹೋಗ್ತೇನೆ" ಎನ್ನಕೂಡದು, "ಬರ್ತೇನೆ" ಎನ್ನಬೇಕು. ಊರಿನಲ್ಲಿ ಇದನ್ನು ಎಲ್ಲರೂ ಪಾಲಿಸುತ್ತಾರೆ, ಆದರೆ ಇವಳು ಪಾಲಿಸಿದಷ್ಟು ಕಟ್ಟುನಿಟ್ಟಾಗಿ ಯಾರೂ ಪಾಲಿಸಿದ್ದನ್ನು ನಾನು ಕಂಡಿಲ್ಲ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಬಾಯಿ ತಪ್ಪಿ "ಹೋಗ್ತೇನೆ" ಎಂದು ಲಿಫ್ಟಿನ ತನಕ ನಡೆದಿದ್ದೆ. ವಾಪಸು ಕರೆದು, ಸೋಫಾದಲ್ಲಿ ಕೂರಿಸಿ, ನೀರು ಕುಡಿಸಿ, ಹೊಸದಾಗಿ ಹೊರಡಿಸಿದ್ದಳು. ಫೋನಿಗೂ ಇದೇ ಕಾನೂನು. ಫೋನ್ ಇಡುವಾಗ ಅವಳು "ಇಡ್ತೇನೆ" ಎಂದವಳಲ್ಲ, "ಬರ್ತೇನೆ ಆಯ್ತಾ" ಎನ್ನುವಳು. ಎಲ್ಲಿಂದ ಎಲ್ಲಿಗೆ ಬರುವುದೆಂದು ನಾನು ಕೇಳಿದ್ದುಂಟು. ವರ್ಷಗಳು ಉರುಳಿದ ಹಾಗೆ ನಾನೂ ಫೋನಿಗೆ ಬರ್ತೇನೆ ಎನ್ನತೊಡಗಿದ್ದೆ.

ದೋಣಿಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ಅವರಲ್ಲಿ ನಮ್ಮ ಕಡೆಯವರೆಂದರೆ ಒಂದು ಕೊಂಕಣಿ ದಂಪತಿ. ಹೆಂಡತಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡ ಎಂಥ ಕೆಲಸದಲ್ಲಿದ್ದಾರೆಂದು ತಿಳಿಯಲಿಲ್ಲ, ದಿನವಿಡೀ ಅವರು ಹೆಂಡತಿಯ ಫೋಟೋ ತೆಗೆದರು. ಸಮುದ್ರ ಬೂದು ಬಣ್ಣಕ್ಕಿತ್ತು. ಬಾವ ಎರಡು ಸಲ "ಬಾವ, ಒಂದು ಮಾತು" ಎಂದು ಶುರು ಮಾಡಿ, ಎರಡು ಸಲವೂ "ಚಾ ಬೇಕಾ?" ಎಂದು ಮುಗಿಸಿದ. ಎರಡು ಸಲವೂ ಕುಡಿದೆ.

ದ್ವೀಪದಲ್ಲಿ ನಮ್ಮನ್ನು ಎದುರುಗೊಂಡ ಗೈಡ್ ಈಜಿಪ್ಟಿನವನು. ಇಂಗ್ಲಿಷ್, ಅರಬಿ, ಹಿಂದಿ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ ಹಾಗೆ ಮಾತಾಡುತ್ತಿದ್ದ. ಸೈಕಲ್ಲಿನ ಹ್ಯಾಂಡಲ್ಲಿನಲ್ಲಿರುವ ಗುಂಡಿಯನ್ನು ತೋರಿಸಿ, ಒಂದು ಒತ್ತಿದರೆ ಇಕೋ, ಎರಡು ಒತ್ತಿದರೆ ನಾರ್ಮಲ್, ಮೂರು ಒತ್ತಿದರೆ ಟರ್ಬೋ ಎಂದ. ಪೆಡಲಿನ ಮೇಲೆ ಕಾಲಿಟ್ಟು ತುಳಿಯುವ ಹಾಗೆ ಆಡಿಸುತ್ತಿದ್ದರೆ ಸಾಕು, ಉಳಿದದ್ದನ್ನು ಮೋಟರ್ ನೋಡಿಕೊಳ್ಳುತ್ತದೆ ಎಂದ. ಈ ವಿದ್ಯೆಯಲ್ಲಿ ನಾನು ಆಗಲೇ ನುರಿತವನಾಗಿದ್ದೆ. ಇಕೋ ಒತ್ತಿದೆ.

"ಅಂಕಲ್, ಹೆಲ್ಮೆಟ್ ಉಲ್ಟಾ ಹಾಕಿದ್ದೀರಿ," ಎಂದರು ನರ್ಸ್.

"ಹಿಂದಿನಿಂದ ಬಂದು ಹೊಡೆಯುವವರಿಗೆ ಅನುಕೂಲ ಆಗ್ಲಿ ಅಂತ."

ಅವರು ನಕ್ಕು, ಮಗುವಿಗೆ ಟೊಪ್ಪಿ ಸರಿ ಮಾಡಿದ ಹಾಗೆ ಅದನ್ನು ತಿರುಗಿಸಿ, ಗಲ್ಲದ ಕೆಳಗೆ ಪಟ್ಟಿ ಬಿಗಿದರು. ಬಹಳ ದಿನಗಳ ಮೇಲೆ ನನ್ನ ಮುಖವನ್ನು ಇನ್ನೊಬ್ಬರ ಕೈ ಮುಟ್ಟಿದ್ದು ಅದೇ ಮೊದಲು. ಏನಾದರೂ ಅನಿಸುತ್ತದೋ ಎಂದು ಕಾದೆ. ಪಟ್ಟಿ ಬಿಗಿಯಾಗಿದೆ ಎಂದು ಅನಿಸಿತು.

ಸಾಲಾಗಿ ಹೊರಟೆವು. ಮೊದಲು ಸಿಕ್ಕಿದ್ದು ಪುರಾತನವೇನಲ್ಲ, ನಮ್ಮ ಕಾಲದ್ದೇ: ಖಾಲಿ ಮನೆಗಳು, ಖಾಲಿ ಶಾಲೆ, ಗೋಡೆ ತುಂಬ ಗುಂಡಿನ ತೂತುಗಳಿರುವ ಬ್ಯಾಂಕು. ಇರಾಕಿನವರು ನುಗ್ಗಿದ ವರ್ಷ ದ್ವೀಪದ ಜನರನ್ನೆಲ್ಲ ಹೊರಗೆ ಕಳುಹಿಸಿದರಂತೆ. ಆಮೇಲೆ ಯುದ್ಧ ಮುಗಿಯಿತು, ಜನ ವಾಪಸು ಬಂದು ನೆಲೆಸಲಿಲ್ಲ. ಒಂದು ಮನೆಯ ಅಂಗಳದಲ್ಲಿ ಒಂಟೆ ನಿಂತು ನಮ್ಮನ್ನು ಬಾಡಿಗೆದಾರರನ್ನು ನೋಡುವ ಹಾಗೆ ನೋಡಿತು.

ಬಾವ ನನ್ನ ಪಕ್ಕಕ್ಕೆ ಬಂದ. "ಬಾವ, ಒಂದು ಮಾತು."

"ಚಾ ಬೇಡ."

"ಚಾ ಅಲ್ಲ ಮಾರಾಯ್ರೆ!" ಎಂದು ಟರ್ಬೋ ಒತ್ತಿ ಮುಂದೆ ಹೋಗಿಬಿಟ್ಟ. ಸ್ವಲ್ಪ ದೂರದಲ್ಲಿ ಕಾಲೂರಿ ನನಗಾಗಿ ಕಾದ. ನಾನು ಹತ್ತಿರ ಬಂದೊಡನೆ ಮತ್ತೆ ಟರ್ಬೋ. ಇದು ದಾರಿಯುದ್ದಕ್ಕೂ ನಡೆಯಿತು.

ಅವಶೇಷಗಳು ಸಮುದ್ರದ ಬದಿಯಲ್ಲಿದ್ದವು. ಚೌಕಾಕಾರದ ಕೋಟೆಯ ಪಾಯ, ಅದರೊಳಗೆ ಗುಡಿಯ ಪಾಯ, ಎರಡು ಕಂಬಗಳ ಬುಡ. ಯಾವುದೂ ಮೊಣಕಾಲು ದಾಟುತ್ತಿರಲಿಲ್ಲ. ಬಾವ ಹೆಲ್ಮೆಟ್ ತೆಗೆದು, ಕಂಬದ ಬುಡದ ಬಳಿ ಹೊಟ್ಟೆ ಒಳಗೆಳೆದು ನಿಂತು, ನನ್ನ ಕೈಗೆ ಫೋನ್ ಕೊಟ್ಟ.

"ತೆಗೀರಿ. ಹಿಂದೆ ರೋಮನ್ ಕೋಟೆ ಬರ್ಬೇಕು."

ಗೈಡ್ ತಿರುಗಿ ನೋಡಿದ. "ರೋಮನ್? ಯಾರು ಹೇಳಿದ್ದು ರೋಮನ್?"

ಬಾವ ಟೂರಿನ ಜಾಹೀರಾತನ್ನು ಫೋನಿನಲ್ಲೇ ತೆರೆದು ತೋರಿಸಿದ. ಪುರಾತನ ರೋಮನ್ ಅವಶೇಷಗಳ ನಡುವೆ ಬ್ಯಾಟರಿ ಸೈಕಲ್ ಸವಾರಿ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಗೈಡ್ ಅದನ್ನು ಓದಿ, ಯಾರೋ ಅವನ ಮನೆತನದ ಬಗ್ಗೆ ಹಗುರವಾಗಿ ಮಾತಾಡಿದ ಹಾಗೆ ಮುಖ ಮಾಡಿದ.

"ಹಬೀಬಿ, ಇದು ಗ್ರೀಕರದ್ದು. ಗ್ರೀಕ್! ರೋಮನರು ಬಂದದ್ದು ನಮ್ಮ ದೇಶಕ್ಕೆ. ಇಲ್ಲಿ ಬಂದು ಕೋಟೆ ಕಟ್ಟಲೇ ಇಲ್ಲ. ಆಫೀಸಿನಲ್ಲಿ ಕೂತ ಹುಡುಗರು ಬರೀತಾರೆ, ಇಲ್ಲಿ ನಾನು ದಿನಾ ಇಲ್ಲ ಇಲ್ಲ ಅಂತ ಹೇಳ್ಬೇಕು."

"ಮತ್ತೆ ತಿದ್ದಬಹುದಲ್ಲ?" ಎಂದರು ನರ್ಸ್.

"ಎಷ್ಟು ಸಲ ಹೇಳೋದು ಸಿಸ್ಟರ್? ರೋಮನ್ ಅಂದ್ರೆ ಜನ ಬರ್ತಾರಂತೆ. ಖಲಾಸ್."

ಬಾವ ಸ್ವಲ್ಪ ಯೋಚಿಸಿದ. ಎರಡೂ ಹಳೇದೇ ಅಲ್ವಾ ಎಂದು ತೀರ್ಪು ಕೊಟ್ಟು, ಫೋಟೋಗೆ ನಿಂತ. ಅದನ್ನು ಅಲ್ಲೇ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಕಳುಹಿಸಿದ. ಕೆಳಗೆ ಬರೆದದ್ದು "ರೋಮನ್ ಕೋಟೆಯಲ್ಲಿ ಬಾವನೊಂದಿಗೆ". ನಾನು ಫೋಟೋದಲ್ಲಿ ಇರಲಿಲ್ಲ. ತೆಗೆದದ್ದು ನಾನು.

ಆ ಫೋಟೋ ನೋಡಿಯೇ ಇರಬೇಕು, ಮಗಳ ಫೋನ್ ಬಂತು. ನಾನು ಗುಂಪಿನಿಂದ ಆಚೆ, ಗುಡಿಯ ಪಾಯದ ಮೂಲೆಗೆ ನಡೆದೆ.

"ಪಪ್ಪ, ವಾಟ್ ಈಸ್ ದಟ್ ನಾಯ್ಸ್?"

"ಗಾಳಿ. ಗ್ರೀಕರ ಕೋಟೆಯಲ್ಲಿದ್ದೇನೆ."

"ಮಾಮ ರೋಮನ್ ಅಂತ ಹಾಕಿದ್ದಾನೆ?"

"ಅವನಿಗೆ ಗೊತ್ತಾಗಿ ಐದು ನಿಮಿಷ ಆಯ್ತು."

ಅವಳು ನಗಲಿಲ್ಲ. ಕುವೈತಿನಲ್ಲಿ ಬೆಳೆದ ಮಗು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ದೊಡ್ಡವಳಾದಳು. ಊರಿಗೆ ಹೋದ ಮೇಲೆ ಅವಳ ಕನ್ನಡ ಸುಧಾರಿಸಿದೆ, ಆದರೆ ಮುಖ್ಯ ಮಾತು ಬಂದಾಗ ಇನ್ನೂ ಇಂಗ್ಲಿಷಿಗೇ ತಿರುಗುತ್ತಾಳೆ.

"ಪಪ್ಪ, ಸಂಡೇ ಕಫೀಲ್‌ಗೆ ಹೇಳ್ಬೇಕಲ್ವಾ? ಐ ಆಮ್ ನಾಟ್ ಫೋರ್ಸಿಂಗ್ ಯು. ಬರುದಾದ್ರೆ ಬರ್ತೇನೆ ಅಂತ ಹೇಳಿ, ಇಲ್ಲಾಂದ್ರೆ ಇಲ್ಲ ಅಂತ ಹೇಳಿ. ನೋಡುವಾ ಅಂತ ಮಾತ್ರ ಹೇಳ್ಬೇಡಿ, ಪ್ಲೀಸ್."

ನೋಡುವಾ ಎನ್ನಲು ತೆರೆದ ಬಾಯಿಯನ್ನು ಮುಚ್ಚಿದೆ. ಅವಳು ಇನ್ನೂ ಏನೋ ಹೇಳುತ್ತಿದ್ದಳು, ಗಾಳಿ ಅದನ್ನು ಅರ್ಧರ್ಧ ತುಂಡು ಮಾಡುತ್ತಿತ್ತು. ಆಚೆ ಗೈಡ್ "ಯಲ್ಲಾ, ಯಲ್ಲಾ!" ಎಂದು ಕೈ ಬೀಸುತ್ತಿದ್ದ, ಸೈಕಲ್ಲುಗಳು ಹೊರಟಿದ್ದವು. ನನಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಫೋನ್ ಇಡುವುದು, ಅಷ್ಟೇ.

"ಆಯ್ತು ಮಗಾ," ಎಂದೆ. "ಬರ್ತೇನೆ."

ಅವಳು ಏನೋ ಕೇಳಿದಳು. ಕೇಳಿಸಲಿಲ್ಲ. ಕೇಳಿಸದಿದ್ದರೆ ಹೂಂ ಎನ್ನುವುದು ನಾನು ದಾಂಪತ್ಯದಲ್ಲಿ ರೂಢಿಸಿಕೊಂಡ ಕ್ರಮ. "ಹೂಂ" ಎಂದು ಫೋನನ್ನು ಸ್ವೆಟರಿನ ಒಳಗಿನ ಕಿಸೆಗೆ ಹಾಕಿದೆ.

ಸೈಕಲ್ ಹತ್ತಿ ಸ್ವಲ್ಪ ದೂರ ಹೋಗಿರಬೇಕು. ಮುಂದೆ ಹೋಗಿದ್ದ ಬಾವ ಟರ್ಬೋದಲ್ಲೇ ತಿರುಗಿ, ಹ್ಯಾಂಡಲ್ಲಿನಿಂದ ಒಂದು ಕೈ ಎತ್ತಿ ಫೋನ್ ಬೀಸುತ್ತ ನನ್ನ ಮೇಲೆಯೇ ಬಂದ. ಇಬ್ಬರೂ ನಿಲ್ಲಿಸಿದೆವು. ಅವನು ನನ್ನನ್ನು ತಬ್ಬಿಕೊಂಡ. ಹೆಲ್ಮೆಟ್ಟಿಗೆ ಹೆಲ್ಮೆಟ್ ಟಕ್ಕೆಂದು ಹೊಡೆಯಿತು.

"ಹೇಳಿಯೇ ಬಿಟ್ರಲ್ಲ ಬಾವ! ಹೇಗೆ ಕೇಳುದು ಹೇಗೆ ಕೇಳುದು ಅಂತ ನಾನಿಲ್ಲಿ ಬೆಳಿಗ್ಗೆಯಿಂದ ಸಾಯ್ತಾ ಇದ್ದೇನೆ, ನೀವು ಸೀದಾ ಹೇಳಿಯೇ ಬಿಟ್ರಿ!"

"ಎಂತ ಹೇಳಿದೆ?"

"ಬರ್ತೇನೆ ಅಂತ."

ಫೋನ್ ತೋರಿಸಿದ. ಗ್ರೂಪಿನಲ್ಲಿ, ರೋಮನ್ ಕೋಟೆಯ ಫೋಟೋದ ಕೆಳಗೆ, ಮಗಳು ಬರೆದಿದ್ದಳು: ಪಪ್ಪ ಬರ್ತಾರಂತೆ, ಫೈನಲ್. ಅದರ ಕೆಳಗೆ ಅತ್ತಿಗೆಯ ಮುಗಿದ ಕೈಗಳು, ಯಾರದೋ ಹೂಗುಚ್ಛ, ಅಳಿಯನ ಹೆಬ್ಬೆರಳು. ನಮ್ಮನ್ನು ದಾಟಿ ಹೋಗುತ್ತಿದ್ದ ನರ್ಸ್, ವಿಷಯ ಏನೆಂದು ತಿಳಿಯದಿದ್ದರೂ, "ಕಂಗ್ರಾಜುಲೇಷನ್ಸ್ ಅಂಕಲ್!" ಎಂದರು. ಅವರ ಗಂಡ ಫೋಟೋ ತೆಗೆದರು.

"ಮಾರಾಯ," ಎಂದೆ, "ಅದು ಫೋನ್ ಇಡ್ಲಿಕ್ಕೆ ಹೇಳಿದ್ದು."

ಬಾವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅವನ ಅಕ್ಕನ ಕಾನೂನು ಅವನಿಗೆ ನನಗಿಂತ ಮೊದಲೇ ಗೊತ್ತು.

"ಅಯ್ಯೋ," ಎಂದ. "ಬರ್ತೇನೆ ಅಂತ ಹೇಳಿದ್ರಾ?"

"ಹೂಂ."

"ಅವಳು ಬರ್ತೇನೆ ಅಂತ ತಿಳ್ಕೊಂಡ್ಳು."

"ಹೂಂ."

"ಹಾಗಾದ್ರೆ ಈಗ್ಲೇ ಫೋನ್ ಮಾಡಿ ಬಾವ. ಹೇಳಿ, ಬರ್ತೇನೆ ಅಂದದ್ದು ಬರ್ತೇನೆ ಅಂತ ಅಲ್ಲ, ಬರ್ತೇನೆ ಅಂತ, ಅಂತ."

ಹೇಳಿ ಮುಗಿಸಿ ತಾನೇ ಬೆಪ್ಪಾಗಿ ನಿಂತ. ನಾನು ಫೋನ್ ಹೊರಗೆ ತೆಗೆದೆ. ಕೈಯಲ್ಲಿ ಹಿಡಿದುಕೊಂಡೆ.

ನನ್ನ ಹೆಂಡತಿಯನ್ನು ಚಿಕಿತ್ಸೆಗೆಂದು ಊರಿಗೆ ಕಳುಹಿಸಿದ ದಿನ ನಾನು ಏರ್‌ಪೋರ್ಟಿನ ಗಾಜಿನ ಬಾಗಿಲಿನ ತನಕ ಹೋಗಿದ್ದೆ. ಅವಳು ಗಾಲಿಕುರ್ಚಿಯಲ್ಲಿದ್ದಳು; ಬಾವ ಜೊತೆಗೆ ಹೋಗುತ್ತಿದ್ದ. ರಜೆ ಮಂಜೂರಾದ ಕೂಡಲೇ ನಾನೂ ಅವರ ಹಿಂದೆಯೇ ಬರುವುದೆಂದು ತೀರ್ಮಾನವಾಗಿತ್ತು. ಅಕ್ಕಿ ಡಬ್ಬದ ಮುಚ್ಚಳ ಸರಿಯಾಗಿ ಹಾಕಿ ಎಂದಳು. ಗಾಲಿಕುರ್ಚಿ ತಳ್ಳುವವನು ಹಿಂದಿಯಲ್ಲಿ ಚಲೋ ಎಂದ. ಅವಳು ಕುತ್ತಿಗೆ ಹೊರಳಿಸಿ "ಬರ್ತೇನೆ ಆಯ್ತಾ" ಎಂದಳು. ನಾನು ಹೂಂ ಎಂದೆ. ರಜೆ ಮಂಜೂರಾಗಿ ನಾನು ಹೋದಾಗ ಎಲ್ಲ ಮುಗಿದಿತ್ತು. ಕಾರ್ಯಗಳನ್ನೆಲ್ಲ ಮುಗಿಸಿ ಬಂದು ನೋಡಿದೆ, ಡಬ್ಬದ ಮುಚ್ಚಳ ಸರಿಯಾಗಿಯೇ ಇತ್ತು.

ಬರ್ತೇನೆ ಎಂದರೆ ಬರುತ್ತೇನೆ ಎಂದಲ್ಲ, ಅದು ಹೊರಡುವಾಗ ಹೇಳುವ ಮಾತು ಎಂದು ಮಗಳಿಗೆ ನಾನು ವಿವರಿಸಬೇಕಾಗಿತ್ತು. ಅವಳಿಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಸ್ಕೂಲ್ ಬಸ್ಸಿಗೆ ಓಡುವ ಮಗುವನ್ನು ಅವಳಮ್ಮ ದಿನಾ ಬಾಗಿಲಲ್ಲಿ ತಡೆದು ಹೇಳಿಸುತ್ತಿದ್ದ ಮಾತು ಅದು. ಅವಳು ಮರೆತಳೋ, ಮರೆಯದೆಯೂ ತನಗೆ ಬೇಕಾದ ಅರ್ಥವನ್ನು ಹಿಡಿದುಕೊಂಡಳೋ, ನಾನು ಕೇಳಲಿಲ್ಲ. ಇಂದಿನ ತನಕ ಕೇಳಿಲ್ಲ. ಫೋನನ್ನು ಒಳಕಿಸೆಗೆ ಹಾಕಿದೆ.

"ಎಂತ, ಮಾಡುದಿಲ್ವಾ?" ಎಂದ ಬಾವ.

"ಗೈಡ್ ಕಾಯ್ತಾ ಇದ್ದಾನೆ."

ವಾಪಸು ದಾರಿಯಲ್ಲಿ ಬಾವನ ಸೈಕಲ್ ನಿಂತುಹೋಯಿತು. ಹೋಗುತ್ತ ಬರುತ್ತ ಟರ್ಬೋ ಒತ್ತಿ ಒತ್ತಿ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದ್ದ. ಬ್ಯಾಟರಿ ಇಲ್ಲದ ಬ್ಯಾಟರಿ ಸೈಕಲ್ಲಿನಷ್ಟು ಭಾರವಾದ ವಾಹನ ಲೋಕದಲ್ಲಿ ಇನ್ನೊಂದಿಲ್ಲ. ಅದನ್ನು ತುಳಿಯಲಾರದೆ, ಎರಡು ಸಲ ದಬ್ಬೆಂದು ಬಿದ್ದು, ಕೊನೆಗೆ ತಳ್ಳತೊಡಗಿದ. ನನ್ನದರಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿತ್ತು. ಆದರೂ ಇಳಿದು ಅವನ ಜೊತೆ ತಳ್ಳುತ್ತ ನಡೆದೆ. ಗುಂಪು ಮುಂದೆ ಹೋಯಿತು. ತೂತು ಬಿದ್ದ ಬ್ಯಾಂಕಿನ ಗೋಡೆಯ ನೆರಳಿನಲ್ಲಿ ಇಬ್ಬರೂ ನಿಂತು ಉಸಿರು ತೆಗೆದುಕೊಂಡೆವು.

"ಬಾವ, ಒಂದು ಮಾತು," ಎಂದ. ಈ ಸಲ ಚಹಾ ಸಿಗುವ ಸ್ಥಳವಾಗಿರಲಿಲ್ಲ. "ನೀವು ಹೋಗ್ಬೇಕು ಅಂತ ಹೇಳ್ಲಿಕ್ಕೇ ನಿಮ್ಮನ್ನು ಕರ್ಕೊಂಡು ಬಂದದ್ದು. ಮಗಳು ಹೇಳಿದ್ಳು. ನನಗೂ ಹಾಗೇ ಅನ್ನಿಸ್ತದೆ. ಆ ಫ್ಲಾಟಲ್ಲಿ ಒಬ್ರೇ ಆ ಮೊಸರು ತಿಂದ್ಕೊಂಡು..."

"ಮೊಸರು ಒಳ್ಳೇದೇ."

"ನಾನು ಮಾತಾಡ್ತಾ ಇದ್ದೇನೆ ಬಾವ." ಸೈಕಲ್ಲಿನ ಹ್ಯಾಂಡಲ್ ಸರಿಯಾಗಿಯೇ ಇದ್ದರೂ ಅದನ್ನು ಸರಿಮಾಡಿದ. "ಆದ್ರೆ ನೀವು ಹೋದ್ರೆ ಈ ಕುವೈತಲ್ಲಿ ನನ್ನನ್ನು ಬಾವ ಅಂತ ಕರೀಲಿಕ್ಕೆ ಯಾರೂ ಇಲ್ಲ. ಆಫೀಸಲ್ಲಿ ಭಾಯಿ, ಬಿಲ್ಡಿಂಗಲ್ಲಿ ಭಾಯಿ. ಅದೂ ಒಂದು ಉಂಟು. ಅದನ್ನೂ ಹೇಳಿದೆ. ಖಲಾಸ್."

ಇದಕ್ಕೆ ನಾನು ಏನಾದರೂ ಹೇಳಬೇಕಿತ್ತು. ಹುಡುಕಿದೆ. ಸಿಕ್ಕಿದ್ದು ಇಷ್ಟೇ: "ಫೋನಿನಲ್ಲಿ ಕರೀತೇನೆ."

"ಮತ್ತೆ ಇಡುವಾಗ ಬರ್ತೇನೆ ಅನ್ಬೇಡಿ," ಎಂದ. "ನಾನು ಏರ್‌ಪೋರ್ಟಿಗೆ ಹೋಗಿ ನಿಂತೇನು."

ಅವನು ನಕ್ಕ. ನಾನೂ ನಕ್ಕಿರಬೇಕು, ಯಾಕೆಂದರೆ ಅವನು ನನ್ನ ಮುಖ ನೋಡಿ ಮತ್ತೆ ಹ್ಯಾಂಡಲ್ ಸರಿಮಾಡತೊಡಗಿದ.

ದೋಣಿ ಹೊರಡುವ ಹೊತ್ತಿಗೆ ಸೂರ್ಯ ಇಳಿದಿದ್ದ. ನರ್ಸ್ ಎಲ್ಲರಿಗೂ ಕೇಕ್ ಹಂಚಿದರು. ಬಿದ್ದು ತರಚಿದ ಬಾವನ ಮೊಣಕಾಲಿಗೆ ಅವರು ತಮ್ಮ ಚೀಲದಿಂದ ಪ್ಲಾಸ್ಟರ್ ತೆಗೆದು ಹಚ್ಚಿ, ರೋಮನ್ ಗಾಯ ಎಂದು ಹೆಸರಿಟ್ಟರು. ಗೈಡ್ ಕೇಳಿಸಿಕೊಂಡು ಗ್ರೀಕ್, ಗ್ರೀಕ್ ಎಂದ. ನನ್ನ ಫೋನ್ ಅದುರಿತು. ಮಗಳು ಎರಡು ಪರದೆಗಳ ಫೋಟೋ ಕಳುಹಿಸಿದ್ದಳು, ಒಂದು ನೀಲಿ, ಒಂದು ಹಸಿರು. ಯಾವುದು ಎಂದು ಕೇಳಿದ್ದಳು.

ಎರಡನ್ನೂ ದೊಡ್ಡದು ಮಾಡಿ ನೋಡಿದೆ. ಎರಡರ ಬಗ್ಗೆಯೂ ನನಗೆ ಏನೂ ಅನಿಸಲಿಲ್ಲ. ನೋಡುವಾ ಎಂದು ಬರೆದೆ. ಅಳಿಸಿದೆ. ಹಸಿರು ಎಂದು ಬರೆದು ಕಳುಹಿಸಿದೆ.

ಬಾವ ತನ್ನ ಕಾರಿನಲ್ಲಿ ನನ್ನನ್ನು ಕಟ್ಟಡದ ಎದುರು ಇಳಿಸಿದ. ಕಿಟಕಿಯ ಗಾಜು ಇಳಿಸಿ "ಬರ್ತೇನೆ ಬಾವ" ಎನ್ನಲು ಹೊರಟವನು "ಬರ್ತೇ" ಎಂಬಲ್ಲಿಗೆ ತಡೆದು, ನನ್ನನ್ನೊಮ್ಮೆ ನೋಡಿ, "ಬೈ" ಎಂದ. ಅಷ್ಟು ವರ್ಷಗಳಲ್ಲಿ ಅವನು ನನಗೆ ಬೈ ಎಂದದ್ದು ಅದೊಂದೇ ಸಲ. ವಾಚ್‌ಮನ್ ಬಾಗಿಲು ತೆರೆದು, "ಇನ್ನೊಬ್ಬ ಬಾವ ಹೋದ್ರಾ?" ಎಂದು ಹಿಂದಿಯಲ್ಲಿ ಕೇಳಿದ. ಹೋದ ಎಂದೆ.

ಭಾನುವಾರ ಬೆಳಿಗ್ಗೆ ಕಫೀಲರ ಕೋಣೆಗೆ ಹೋಗಿ ಇಕಾಮಾ ಮುಂದುವರಿಸುವುದು ಬೇಡವೆಂದು ಹೇಳಿದೆ. ಅವರು "ಖಲಾಸ್?" ಎಂದು ಕೇಳಿದರು. ಖಲಾಸ್ ಎಂದೆ. ಮಾರ್ಚಿನಲ್ಲಿ ಮಂಗಳೂರಿಗೆ ಬಂದೆ.